ಶಿರಸಿಯ ಅಂಗಳದಲ್ಲಿ ಜೆಂಟಿಯನ್ ಅನ್ನೋ ನೀಲಿ ಹೂವಿನ ಗಿಡ ಬೆಳೆಸಬಹುದಾ? ಕವಿಗಳು ಆ ಹೂವಿನಲ್ಲಿ ಏನು ಕಂಡರು?

ಬೆಳೆಸೋದು ಕಷ್ಟ. ಆಲ್ಪ್ಸ್, ಹಿಮಾಲಯದಂಥ ತಂಪು ಜಾಗದ ಗಿಡ ಅದು. ಬೀಜ ಮೊಳೆಯೋದಕ್ಕೂ ಮೊದಲು ಚಳಿ ಬೇಕು. ನಾನು ಬೀಜ ತರಿಸಿ, ಒದ್ದೆ ಮರಳಲ್ಲಿ ಕಲಸಿ, ಎರಡು ತಿಂಗಳು ಫ್ರಿಜ್‌ನಲ್ಲಿಟ್ಟಿದ್ದೆ. ಐದು ಸಸಿ ಎದ್ದವು. ಏಪ್ರಿಲ್ ಸೆಕೆಗೆ ಒಂದೂ ಉಳಿಯಲಿಲ್ಲ. ತುಂಬಾ ಬೇಜಾರಾಗಿತ್ತು.

ಕವಿಗಳನ್ನು ಹಿಡಿದದ್ದು ಅದರ ನೀಲಿ, ಜೊತೆಗೆ ಅದು ಅರಳುವ ಹೊತ್ತು. ಕೆಲವು ಜಾತಿಗಳು ಉಳಿದ ಹೂವೆಲ್ಲ ಮುಗಿದ ಮೇಲೆ, ಚಳಿ ಹೊಸ್ತಿಲಿಗೆ ಬಂದಾಗ ಅರಳುತ್ತವೆ. ಅಮೆರಿಕದ ಕವಿ ಬ್ರಯಂಟ್, ತನಗೆ ಸಾವು ಹತ್ತಿರ ಬಂದಾಗ ಎದೆಯಲ್ಲೂ ಭರವಸೆ ಹೀಗೇ ಅರಳಲಿ ಅಂತ ಕವಿತೆಯಲ್ಲಿ ಬಯಸಿದ. ಇಂಗ್ಲೆಂಡಿನ ಡಿ.ಎಚ್. ಲಾರೆನ್ಸ್ 1929ರಲ್ಲಿ, ಕ್ಷಯದಿಂದ ತೀರಿಕೊಳ್ಳುವ ಕೆಲವೇ ತಿಂಗಳ ಮೊದಲು, ಜರ್ಮನಿಯ ಬವೇರಿಯಾದ ಜೆಂಟಿಯನ್ ಬಗ್ಗೆ ಬರೆದ. ಪಾತಾಳಕ್ಕೆ ಇಳಿಯೋಕೆ ಅವನು ಕೇಳಿದ ಪಂಜು ಆ ಹೂವು. ಬೆಳಕಿನ ಬದಲು ನೀಲಿ ಕತ್ತಲೆ ಸೂಸುವ ಪಂಜು! ನನಗೆ ಬ್ರಯಂಟ್‌ಗಿಂತ ಇವನೇ ಜಾಸ್ತಿ ಹತ್ತಿರ.

ಆದರೆ ಜೆಂಟಿಯನ್ ಕುಟುಂಬದ್ದೇ ಗಿಡವೊಂದು ನಮ್ಮ ಘಟ್ಟದಲ್ಲಿದೆ, ಗೊತ್ತಾ? ಎಕ್ಸಾಕಮ್ ಬೈಕಲರ್. ಮಳೆ ಸ್ವಲ್ಪ ಸಡಿಲಾದಾಗ ಬೇಣದ (ಹುಲ್ಲುಗಾವಲಿನ) ಹುಲ್ಲಿನ ನಡುವೆ, ಚಿರೇಕಲ್ಲಿನ ನೆಲದಲ್ಲಿ ಹುಡುಕಿ. ನಾಲ್ಕು ಬಿಳಿ ಎಸಳು. ತುದಿ ಮಾತ್ರ ನೀಲಿ, ಶಾಯಿಯಲ್ಲಿ ಅದ್ದಿ ತೆಗೆದ ಹಾಗೆ. ನಡುವೆ ಹಳದಿ ಕೇಸರಗಳು, ಒಂದೇ ಕಡೆ ಬಾಗಿರುತ್ತವೆ. ಅವುಗಳ ತುದಿಯಲ್ಲಿ ಸಣ್ಣ ತೂತು, ಪರಾಗ ಇರೋದು ಒಳಗೆ. ದುಂಬಿ ಕೇಸರವನ್ನು ತಬ್ಬಿಕೊಂಡು ಜೋರಾಗಿ ಗುಂಯ್‌ಗುಟ್ಟಿದರೆ ಮಾತ್ರ ಅದು ಉದುರುತ್ತದೆ. ಕೂತು ನೋಡಿ, ಸದ್ದು ಕೇಳಿಸುತ್ತದೆ.

ಈ ಕುಟುಂಬದ ಗಿಡಗಳಲ್ಲಿ ಕಹಿ ಸಾಮಾನ್ಯ. ಕಷಾಯಕ್ಕೆ ಹಾಕುವ ಹಿಮಾಲಯದ ಚಿರಾಯತವೂ ಇದೇ ಬಳಗ. ಬಾಯಿಹುಣ್ಣಿಗೆ ಹಚ್ಚುತ್ತಿದ್ದ ನೇರಳೆ ಔಷಧ, ಜೆಂಟಿಯನ್ ವಯಲೆಟ್, ಮಾತ್ರ ಈ ಹೂವಿನದ್ದಲ್ಲ. ಬಣ್ಣ ನೋಡಿ ಇಟ್ಟ ಹೆಸರಷ್ಟೇ.

ಎಕ್ಸಾಕಮ್ ಗಿಡ ಕಿತ್ತು ತಂದು ಕುಂಡದಲ್ಲಿ ನೆಡಬೇಡಿ, ದಯವಿಟ್ಟು. ಚೌತಿ ಮುಗಿದ ಮೇಲೆ, ಬಿಸಿಲು ಬಿದ್ದ ಬೆಳಿಗ್ಗೆ ಬೇಣಕ್ಕೆ ಹೋಗಿ. ಉಂಬಳದ (ಜಿಗಣೆಯ) ಕಾಟ ಇನ್ನೂ ಇರುತ್ತದೆ, ಕಾಲಿಗೆ ಸುಣ್ಣ ಹಚ್ಚಿಕೊಂಡು ಹೋಗಿ.