ಸೆಲ್ಫ್ ಬದಲಿಸುವ ಮೊದಲು ಒಂದು ಮಲ್ಟಿಮೀಟರ್ ತಗೊಳ್ಳಿ

ನೀವು ಬರೆದಿರುವುದರಲ್ಲೇ ಅರ್ಧ ಉತ್ತರ ಇದೆ ಸರ್. 1997ರ ಮಾರುತಿ 800, ಕಾರ್ಬ್ಯುರೇಟರ್ ಗಾಡಿ. ಬೆಳಿಗ್ಗೆ ಕುವೆಂಪುನಗರದ ಮನೆ ಹತ್ತಿರ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಚಾಮುಂಡಿ ಬೆಟ್ಟ ಹತ್ತಿ, ದರ್ಶನ ಮುಗಿಸಿ ಬಂದು ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಹೆಡ್‌ಲೈಟ್ ಮಂಕಾಗುವುದಿಲ್ಲ. ಇಳಿಜಾರಿನಲ್ಲಿ ತಳ್ಳಿದರೆ ತಕ್ಷಣ ಹತ್ತಿಕೊಳ್ಳುತ್ತದೆ. ಬ್ಯಾಟರಿ ಹೊಸದು ಹಾಕಿಸಿದ್ದಾಯಿತು, ಈಗ ಸೆಲ್ಫ್ ಮೋಟರನ್ನೇ, ಅಂದರೆ ಇಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಮೋಟರನ್ನೇ, ಬದಲಿಸಿ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ, ಬದಲಿಸಲಾ ಬೇಡವಾ ಅಂತ ನಿಮ್ಮ ಪ್ರಶ್ನೆ. ಕೊನೆಯಲ್ಲಿ ಸುಮ್ನೆ ಒಂದು ಮಾತು ಸೇರಿಸಿದ್ದೀರಿ, ದಸರಾಗೆ ಮುಂಚೆ ಟಿಂಕರಿಂಗ್, ಪೇಂಟಿಂಗ್ ಮಾಡಿಸಿದೆ ಅಂತ. ನನ್ನ ಕಣ್ಣು ನಿಂತಿದ್ದು ಅಲ್ಲಿ.

ಈಗಲೇ ಬದಲಿಸಬೇಡಿ. ಸೆಲ್ಫ್ ಹೋಗಿರಲೂಬಹುದು, ಆದರೆ ಅಳೆಯದೆ ಅದನ್ನು ಹೇಳುವುದು ಊಹೆ. ನಾನು ಮಂಡ್ಯದಲ್ಲಿ ಗಾಡಿ ವೈರಿಂಗ್ ಕೆಲಸ ಮಾಡುವವನು. ಬಿಸಿಯಾದಾಗ ಸೆಲ್ಫ್ ತಿರುಗಲ್ಲ ಅಂತ ಬರುವ ಹಳೇ ಗಾಡಿಗಳಲ್ಲಿ ಎಷ್ಟೋ ಸಲ ಮೋಟರ್ ಚೆನ್ನಾಗೇ ಇರುತ್ತದೆ, ಅದಕ್ಕೆ ತಲುಪಬೇಕಾದ ವೋಲ್ಟು ದಾರಿಯಲ್ಲಿ ಕಳೆದುಹೋಗಿರುತ್ತದೆ.

ಮೊದಲು ಯಾವುದನ್ನು ಮುಟ್ಟಬಾರದು ಅಂತ ಹೇಳಿಬಿಡುತ್ತೇನೆ. ತಳ್ಳಿದ ತಕ್ಷಣ ಹತ್ತಿಕೊಳ್ಳುತ್ತದೆ ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿಯೂ ಬರುತ್ತಿದೆ. ಹಾಗಾಗಿ ಪ್ಲಗ್ಗು, ಅದಕ್ಕೆ ಕಿಡಿ ಕೊಡುವ ಕಾಯಿಲು, ಕಾರ್ಬ್ಯುರೇಟರ್ ಯಾವುದಕ್ಕೂ ಕೈ ಹಾಕಿಸಬೇಡಿ. ಬ್ಯಾಟರಿಯೂ ಬಹುಶಃ ಸರಿ ಇದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಅಳೆದರೆ 12.6 ವೋಲ್ಟ್ ಆಸುಪಾಸು ಬಂದರೆ ಪೂರ್ತಿ ಚಾರ್ಜ್, 12.2ಕ್ಕೆ ಇಳಿದಿದ್ದರೆ ಅರ್ಧ. ಇಂಜಿನ್ ಓಡುವಾಗ 13.8ರಿಂದ 14.5ರ ಒಳಗೆ ತೋರಿಸಿದರೆ ಆಲ್ಟರ್ನೇಟರೂ ಸರಿ. ನಮ್ಮ ಕಡೆ ಇನ್ನೂ ಡೈನಮೋ ಅಂತಲೇ ಕರೆಯುತ್ತಾರೆ, ಇರಲಿ.

ಸದ್ದು ಕೂಡ ಒಂದು ಸುಳಿವು. ಬ್ಯಾಟರಿ ಡೌನ್ ಆಗಿದ್ದರೆ ಟಕಟಕಟಕ ಅಂತ ಬಿಡದೆ ಹೊಡೆದುಕೊಳ್ಳುತ್ತದೆ, ಏಕೆಂದರೆ ಸೊಲನಾಯ್ಡ್ (ಕೀ ಕೊಟ್ಟಾಗ ದೊಡ್ಡ ಕರೆಂಟನ್ನು ಮೋಟರಿಗೆ ಜೋಡಿಸುವ, ಸೆಲ್ಫಿನ ಮೇಲಿರುವ ಸ್ವಿಚ್ಚು) ಎಳೆದ ಕೂಡಲೇ ವೋಲ್ಟು ಕುಸಿಯುತ್ತದೆ, ಅದು ಬಿಟ್ಟುಬಿಡುತ್ತದೆ, ವೋಲ್ಟು ಮೇಲೇಳುತ್ತದೆ, ಮತ್ತೆ ಎಳೆಯುತ್ತದೆ. ಜೊತೆಗೆ ಲೈಟೂ ಮಂಕಾಗುತ್ತದೆ. ನಿಮ್ಮದು ಒಂದೇ ಟಕ್, ಲೈಟು ಹಾಗೇ ಉರಿಯುತ್ತದೆ. ಅಂದರೆ ಮೋಟರಿಗೆ ಹೋಗಬೇಕಾದ ದೊಡ್ಡ ಕರೆಂಟು ಹೋಗುತ್ತಲೇ ಇಲ್ಲ. ಎಲ್ಲೋ ತಡೆ ಇದೆ. ಎಲ್ಲಿ ಅನ್ನುವುದೊಂದೇ ಉಳಿದಿರುವ ಪ್ರಶ್ನೆ.

ಈಗ ಬಹಳ ಜನ ಮಾಡುವ ಕೆಲಸ ಏನು ಗೊತ್ತಾ, ಮಲ್ಟಿಮೀಟರನ್ನು ವೈರು ತುಂಡಾಗಿಲ್ಲದಿದ್ದರೆ ಬೀಪ್ ಅನ್ನುವ ಕಂಟಿನ್ಯುಟಿಗೆ ಇಟ್ಟು ಕೇಬಲ್ಲಿನ ಎರಡು ತುದಿ ಮುಟ್ಟಿಸುತ್ತಾರೆ, ಬೀಪ್ ಅಂದಿತು, ಕೇಬಲ್ ಓಕೆ ಅನ್ನುತ್ತಾರೆ. ಆ ಬೀಪನ್ನು ನಂಬಬೇಡಿ. ಮೀಟರ್ ಕಳಿಸುವುದು ಕೂದಲೆಳೆಯಷ್ಟು ಕರೆಂಟು. ದಪ್ಪ ಕೇಬಲ್ಲಿನಲ್ಲಿ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅದು ಬೀಪ್ ಅನ್ನುತ್ತದೆ. ಸೆಲ್ಫಿಗೆ ಬೇಕಾಗುವುದು ನೂರು ಆಂಪಿಯರ್ ಲೆಕ್ಕದಲ್ಲಿ. ದಾರಿಯಲ್ಲಿ ಬರೀ 0.02 ಓಮ್ ತಡೆ ಇದ್ದರೂ ನೂರು ಆಂಪಿಯರಿಗೆ 2 ವೋಲ್ಟ್ ಅಲ್ಲೇ ಖರ್ಚಾಗುತ್ತದೆ. ಈ 0.02 ಓಮನ್ನು ನಮ್ಮ ನಿಮ್ಮ ಮೀಟರು ಓಮಿನಲ್ಲಿ ತೋರಿಸುವುದೇ ಇಲ್ಲ. ಅದಕ್ಕೇ ವೋಲ್ಟಿನಲ್ಲಿ ಅಳೆಯಬೇಕು, ಅದೂ ಕೀ ತಿರುಗಿಸಿ ಹಿಡಿದಾಗ, ಅದೂ ಗಾಡಿ ಬಿಸಿಯಾಗಿ ತೊಂದರೆ ಕೊಡುತ್ತಿರುವಾಗ. ಬೆಳಿಗ್ಗೆ ತಣ್ಣಗಿರುವ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟರೆ ಅವರಿಗೂ ಏನೂ ಸಿಗುವುದಿಲ್ಲ, ಸಂಜೆ ಬನ್ನಿ ಅಂತಾರೆ, ಅಷ್ಟರಲ್ಲಿ ಅಂದಾಜಿಗೆ ಏನಾದರೂ ಬದಲಿಸಿರುತ್ತಾರೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಮೇಲೆ. ಕಾಯಿಲಿಗೆ ಬರುವ ಸಣ್ಣ ವೈರನ್ನು ಬಿಚ್ಚಿಡಿ, ಆಗ ಇಂಜಿನ್ ದಿಢೀರ್ ಅಂತ ಸ್ಟಾರ್ಟ್ ಆಗಿ ನಿಮ್ಮ ಕೈ ಬೆಲ್ಟಿಗೆ ಸಿಗುವುದಿಲ್ಲ. ಕೀ ಹಿಡಿಯಲು ಮನೆಯವರೊಬ್ಬರು ಜೊತೆಗಿರಲಿ, ಒಂದೊಂದು ಸಲಕ್ಕೆ ಐದು ಸೆಕೆಂಡ್ ಸಾಕು. ಮೀಟರ್ 20 ವೋಲ್ಟ್ ಡಿಸಿಗೆ ಇರಲಿ, ಅಪ್ಪಿತಪ್ಪಿ ಆಂಪಿಯರಿಗೆ ಇಡಬೇಡಿ, ಮೀಟರ್ ಸುಟ್ಟೇಹೋಗುತ್ತದೆ.

ನಿಮ್ಮ ಗಾಡಿಯಲ್ಲಿ ನಾನು ಮೊದಲು ನೋಡುವುದು ಅರ್ಥಿಂಗ್. ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಲ್ವಾ. ರಬ್ಬರಿನಲ್ಲಿ ಕರೆಂಟ್ ಹೋಗುವುದಿಲ್ಲ. ಸೆಲ್ಫಿಗೆ ಪ್ಲಸ್ ಕೇಬಲ್ಲಿನಲ್ಲಿ ಬಂದ ಅಷ್ಟೂ ಕರೆಂಟು ಇಂಜಿನ್ ಮೈಯಿಂದ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗಬೇಕಾದರೆ ಅರ್ಥ್ ಕೇಬಲ್ಲೇ ದಾರಿ. ಪೇಂಟಿಂಗಿಗೆ ಬಿಟ್ಟಾಗ ಆ ಕೇಬಲ್ಲು, ಪಟ್ಟಿ ಎಲ್ಲ ಬಿಚ್ಚಿರುತ್ತಾರೆ, ಬಣ್ಣ ಹೊಡೆದ ಮೇಲೆ ಹಾಗೇ ಬಣ್ಣದ ಮೇಲೆ ಬೋಲ್ಟ್ ಬಿಗಿದು ಕೊಟ್ಟಿರುತ್ತಾರೆ. ಬಿಚ್ಚಿ ನೋಡಿದರೆ ವಾಷರ್ ಅಡಿಯಲ್ಲಿ ಹೊಸ ಬಣ್ಣ ಫಳಫಳ ಅನ್ನುತ್ತಿರುತ್ತದೆ. ಕರೆಂಟು ಹೋಗುತ್ತಿರುವುದು ಬೋಲ್ಟಿನ ಮರೆಯಲ್ಲಿ ಎಲ್ಲೋ ಒಂದೆರಡು ಕಡೆ ಲೋಹಕ್ಕೆ ಲೋಹ ತಾಗಿದ ಜಾಗದಲ್ಲಿ ಮಾತ್ರ. ಲೈಟಿಗೆ, ಹಾರ್ನಿಗೆ ಅಷ್ಟೇ ಸಾಕು. ಸೆಲ್ಫಿಗೆ ಸಾಲುವುದಿಲ್ಲ.

ಅಳೆಯುವುದು ಹೀಗೆ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಸೀಸದ ಗೂಟಕ್ಕೆ ಒತ್ತಿ, ಅದರ ಮೇಲಿನ ಕ್ಲಾಂಪಿಗಲ್ಲ, ಗೂಟಕ್ಕೇ. ಇನ್ನೊಂದು ಕಡ್ಡಿ ಇಂಜಿನ್ನಿನ ಬರೀ ಲೋಹಕ್ಕೆ, ತುಕ್ಕು, ಎಣ್ಣೆ, ಬಣ್ಣ ಇಲ್ಲದ ಜಾಗಕ್ಕೆ. ಕೀ ತಿರುಗಿಸಿ. 0.2, 0.3 ವೋಲ್ಟಿನ ಒಳಗಿದ್ದರೆ ಅರ್ಥಿಂಗ್ ಸರಿ. ಒಂದು, ಎರಡು ವೋಲ್ಟ್ ತೋರಿಸಿದರೆ ಕಳ್ಳ ಸಿಕ್ಕಿದ. ಮೀಟರ್ ಇಲ್ಲದಿದ್ದರೂ ಪರವಾಗಿಲ್ಲ, ಬೇರೆ ಗಾಡಿಯಿಂದ ಸ್ಟಾರ್ಟ್ ಮಾಡಲು ಬಳಸುವ ಜಂಪರ್ ಕೇಬಲ್ ಒಂದನ್ನು ತಂದು ಮೈನಸ್ ಗೂಟದಿಂದ ನೇರ ಇಂಜಿನ್ನಿಗೆ ಕಚ್ಚಿಸಿ ಕೀ ಕೊಡಿ. ಗಿರ್ ಅಂತ ತಿರುಗಿದರೆ ಮುಗಿಯಿತು. ಬೋಲ್ಟ್ ಬಿಚ್ಚಿ, ಎಮೆರಿ ಪೇಪರಿನಲ್ಲಿ ಎರಡೂ ಕಡೆ ತಾಮ್ರ, ಕಬ್ಬಿಣ ಕಾಣುವವರೆಗೆ ಉಜ್ಜಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಸವರಿ.

ಅರ್ಥಿಂಗ್ ಪೂರ್ತಿ ಕೈಕೊಟ್ಟರೆ ಇನ್ನೊಂದು ತಮಾಷೆ ನಡೆಯುತ್ತದೆ. ಶ್ರೀರಂಗಪಟ್ಟಣದ ಕಡೆಯಿಂದ ಒಂದು ಓಮ್ನಿ ಬಂದಿತ್ತು, ಆಕ್ಸಿಲರೇಟರ್ ಕೇಬಲ್ ಜಾಮ್ ಅಂತ. ಕೇಬಲ್ ಬದಲಿಸಿದ್ದರು, ಅದೂ ಜಾಮ್ ಆಗಿತ್ತು. ನೋಡಿದರೆ ಅರ್ಥ್ ಪಟ್ಟಿ ತುಂಡಾಗಿ ನೇತಾಡುತ್ತಿದೆ. ಸೆಲ್ಫ್ ಹೊಡೆದಾಗಲೆಲ್ಲ ಕರೆಂಟು ಬಡಪಾಯಿ ಆಕ್ಸಿಲರೇಟರ್ ಕೇಬಲ್ಲಿನ ತಂತಿ ಹಿಡಿದು ವಾಪಸ್ ಹೋಗುತ್ತಿತ್ತು, ಒಳಗಿನ ಪ್ಲಾಸ್ಟಿಕ್ ಕರಗಿ ತಂತಿಗೆ ಮೆತ್ತಿಕೊಂಡಿತ್ತು. ನಿಮ್ಮ ಗಾಡಿಯಲ್ಲಿ ಸೆಲ್ಫ್ ಹೊಡೆದ ಮೇಲೆ ಕ್ಲಚ್ ಕೇಬಲ್ಲೋ ಚೋಕ್ ಕೇಬಲ್ಲೋ ಮುಟ್ಟಿದರೆ ಬೆಚ್ಚಗಿದೆಯಾ ನೋಡಿ.

ಅರ್ಥಿಂಗ್ ಸರಿ ಇದೆ ಅಂತಾದರೆ ಪ್ಲಸ್ ಕಡೆ ಬನ್ನಿ. ಪ್ಲಸ್ ಗೂಟದಿಂದ ಸೆಲ್ಫಿನ ಮೇಲೆ ದಪ್ಪ ಕೇಬಲ್ ಬಂದು ಕೂರುವ ಬೋಲ್ಟಿಗೆ ಅಳೆಯಿರಿ, ಅರ್ಧ ವೋಲ್ಟ್ ದಾಟಬಾರದು. ದಾಟಿದರೆ ಟರ್ಮಿನಲ್ಲಿನ ಬಿಳಿ, ಹಸಿರು ಪುಡಿಯನ್ನು ಬಿಸಿನೀರು, ಅಡುಗೆ ಸೋಡದಲ್ಲಿ ತೊಳೆದು ಮತ್ತೆ ನೋಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಆಮೇಲೆ ಸೊಲನಾಯ್ಡಿನ ಎರಡು ದಪ್ಪ ಬೋಲ್ಟುಗಳ ಮಧ್ಯೆ ಅಳೆಯಿರಿ. ಕೀ ಕೊಡುವ ಮೊದಲು 12 ವೋಲ್ಟ್ ಇರುತ್ತದೆ, ಟಕ್ ಅಂದ ಕೂಡಲೇ ಸೊನ್ನೆ ಹತ್ತಿರ ಬರಬೇಕು. ಟಕ್ ಅಂದಮೇಲೂ 12 ಹಾಗೇ ನಿಂತಿದ್ದರೆ ಒಳಗಿನ ತಾಮ್ರದ ಕಾಂಟ್ಯಾಕ್ಟ್ ತಾಗುತ್ತಿಲ್ಲ. ಸೊನ್ನೆಗೆ ಬಂದೂ ಮೋಟರ್ ಅಲ್ಲಾಡದೆ, ಬ್ಯಾಟರಿ ವೋಲ್ಟೂ ಇಳಿಯದೆ ಇದ್ದರೆ ಕಾರ್ಬನ್, ಅಂದರೆ ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಬ್ರಷ್, ಸವೆದು ಕೂತಿದೆ. ಸ್ಪ್ಯಾನರಿನಲ್ಲಿ ಮೆಲ್ಲಗೆ ತಟ್ಟಿದರೆ ಸೆಲ್ಫ್ ತಿರುಗುವುದು ಸಾಮಾನ್ಯವಾಗಿ ಇಂಥದ್ದಕ್ಕೇ. ಆಗ ಸೆಲ್ಫ್ ಬಿಚ್ಚಿಸಿ, ಆದರೆ ಕಾರ್ಬನ್, ಬುಷ್ ಹಾಕಿಸಿ ಸರ್ವಿಸ್ ಮಾಡಿಸಿದರೆ ಸಾಕು, ಹೊಸ ಮೋಟರ್ ಯಾಕೆ? ಬ್ಯಾಟರಿ 9.6ಕ್ಕಿಂತ ಕೆಳಗೆ ಕುಸಿದೂ ಇಂಜಿನ್ ತಿರುಗುತ್ತಿಲ್ಲ ಅಂದರೆ ಮಾತ್ರ ಮೋಟರ್ ಒಳಗೆ ಹಿಡಿಯುತ್ತಿದೆಯೋ ಏನೋ ಅಂತ ಅನುಮಾನಿಸಬೇಕು. ನಿಮ್ಮ ಲೈಟ್ ಮಂಕಾಗುತ್ತಿಲ್ಲ, ಹಾಗಾಗಿ ಆ ಕಥೆ ನಿಮ್ಮದಲ್ಲ.

ಕೊನೆಯದು ಸೊಲನಾಯ್ಡಿಗೆ ಬರುವ ಸಣ್ಣ ವೈರು. ಹಳೇ ಗಾಡಿಗಳಲ್ಲಿ ಇದು ಎಷ್ಟೋ ಸಲ ನೇರವಾಗಿ ಕೀ ಸ್ವಿಚ್ಚಿನಿಂದಲೇ ಬರುತ್ತದೆ. ವರ್ಷಗಟ್ಟಲೆ ತಿರುಗಿಸಿ ಸ್ವಿಚ್ಚಿನ ಕಾಂಟ್ಯಾಕ್ಟ್ ಕರಿ ಹಿಡಿದಿರುತ್ತದೆ. ತಣ್ಣಗಿದ್ದಾಗ ಹೇಗೋ ಸಾಲುತ್ತದೆ. ಬೆಟ್ಟ ಹತ್ತಿ ನಿಲ್ಲಿಸಿದ ಮೇಲೆ ಇಂಜಿನ್ ಶಾಖವೆಲ್ಲ ಪಕ್ಕದ ಸೆಲ್ಫಿಗೆ ಏರುತ್ತದೆ, ಸೊಲನಾಯ್ಡಿನ ಸುರುಳಿಯ ತಾಮ್ರ 50 ಡಿಗ್ರಿ ಜಾಸ್ತಿ ಬಿಸಿಯಾದರೆ ಅದರ ತಡೆ ಸುಮಾರು ಶೇಕಡಾ 20 ಏರುತ್ತದೆ, ಆಗ ಅದೇ ವೋಲ್ಟಿಗೆ ಸೊಲನಾಯ್ಡ್ ಪೂರ್ತಿ ಎಳೆಯುವುದಿಲ್ಲ. ಸದ್ದು ಬರುತ್ತದೆ, ಕಾಂಟ್ಯಾಕ್ಟ್ ಕೂರುವುದಿಲ್ಲ. ಕೀ ಹಿಡಿದಾಗ ಈ ಸಣ್ಣ ಟರ್ಮಿನಲ್ಲಿನಲ್ಲಿ ಬ್ಯಾಟರಿಗಿಂತ ಎರಡು ಮೂರು ವೋಲ್ಟ್ ಕಡಿಮೆ ಬಂದರೆ ನಾಲ್ಕು ಪಿನ್ನಿನ ಒಂದು ರಿಲೇ ಹಾಕಿಸಿ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್ಚು. ಪಿನ್ನುಗಳ ಮೇಲೆ ನಂಬರ್ ಇರುತ್ತದೆ. ಕೀಯಿಂದ ಬರುವ ವೈರು 86ಕ್ಕೆ, 85 ಅರ್ಥಿಗೆ, ಬ್ಯಾಟರಿ ಪ್ಲಸ್ಸಿನಿಂದ ಫ್ಯೂಸ್ ಹಾಕಿದ ವೈರು 30ಕ್ಕೆ, 87ರಿಂದ ಸೊಲನಾಯ್ಡಿಗೆ. ಯಾವ ಆಟೋ ಎಲೆಕ್ಟ್ರಿಷಿಯನ್ ಆದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತಾನೆ, ಖರ್ಚು ಹೊಸ ಸೆಲ್ಫಿನ ಮುಂದೆ ಏನೂ ಅಲ್ಲ.

ಸ್ಕ್ರೂಡ್ರೈವರಿನಲ್ಲಿ ಸೊಲನಾಯ್ಡ್ ಶಾರ್ಟ್ ಮಾಡಿ ಸ್ಟಾರ್ಟ್ ಮಾಡುವುದನ್ನು ಯಾರಾದರೂ ತೋರಿಸಿಕೊಟ್ಟರೆ ಕಲಿಯಬೇಡಿ. ಗೇರಿನಲ್ಲಿದ್ದರೆ ಗಾಡಿ ಮೈಮೇಲೆ ಬರುತ್ತದೆ, ಚಾರ್ಜ್ ಆದ ಬ್ಯಾಟರಿ ಹತ್ತಿರ ಹೈಡ್ರೋಜನ್ ಇರುತ್ತದೆ, ಅಲ್ಲಿ ಕಿಡಿ ಹಾರಿಸುವುದು ಒಳ್ಳೆಯದಲ್ಲ.

ಈ ಭಾನುವಾರ ಬೆಟ್ಟಕ್ಕೆ ಹೋಗುವಾಗ ಮೀಟರ್ ಡಿಕ್ಕಿಯಲ್ಲಿರಲಿ. ಕೀ ಹಿಡಿದಾಗಿನ ನಾಲ್ಕು ಅಂಕಿ ಬರೆದುಕೊಳ್ಳಿ, ಬ್ಯಾಟರಿ, ಅರ್ಥಿಂಗ್, ಪ್ಲಸ್ ಕೇಬಲ್, ಸಣ್ಣ ವೈರು. ಇಲ್ಲೇ ಕೆಳಗೆ ಹಾಕಿದರೆ ಏನು ಬಿಚ್ಚಿಸಬೇಕು ಅಂತ ಹೇಳುತ್ತೇನೆ.