ಚೀನಾದ ಹಳ್ಳಿಗಳ ಬಗ್ಗೆ ಚೀನಾದವರೇ ಬರೆದ ಮಾನವಶಾಸ್ತ್ರ ಇದೆಯಾ? ಇದ್ದರೆ ನಂಬಬಹುದಾ?

ಇದೆ. ನಂಬಬಹುದಾ ಅನ್ನೋದಕ್ಕೆ ಒಂದೇ ಮಾತಿನ ಉತ್ತರ ನನ್ನ ಹತ್ತಿರ ಇಲ್ಲ. ಒಬ್ಬರ ಕತೆ ಹೇಳ್ತೀನಿ, ಆಮೇಲೆ ನೀವೇ ನೋಡಿ.

ಅವರ ಹೆಸರು ಫೇ ಶಿಯಾವೋಟಾಂಗ್, ಚೀನಾದ ಮಾನವಶಾಸ್ತ್ರಜ್ಞ. 1935ರ ಕೊನೆಯಲ್ಲಿ ಫೇ ಮತ್ತು ಅವರ ಹೆಂಡತಿ ದಕ್ಷಿಣ ಚೀನಾದ ಗುವಾಂಗ್ಶಿಯ ಬೆಟ್ಟಗಳಿಗೆ ಹೋಗಿದ್ದರು, ಅಲ್ಲಿಯ ಯಾವೋ ಎಂಬ ಬುಡಕಟ್ಟು ಜನರ ಅಧ್ಯಯನಕ್ಕೆ. ಮದುವೆಯಾಗಿ ನಾಲ್ಕು ತಿಂಗಳೂ ಆಗಿರಲಿಲ್ಲ. ಫೇ ಹುಲಿಗೆ ಒಡ್ಡಿದ್ದ ಬೋನಿಗೆ ಸಿಕ್ಕಿ ಏಳಲಾಗದಷ್ಟು ಪೆಟ್ಟು ಮಾಡಿಕೊಂಡರು. ಜನರನ್ನು ಕರೆತರಲು ಹೋದ ಹೆಂಡತಿ ದಾರಿಯಲ್ಲಿ ಹಳ್ಳಕ್ಕೆ ಬಿದ್ದು ತೀರಿಕೊಂಡರು.

ಮರುವರ್ಷ ಸುಧಾರಿಸಿಕೊಳ್ಳಲು ಅಂತ ಅವರು ಹೋದದ್ದು ತಾಯ್ ಸರೋವರದ ದಂಡೆಯ ಕೈಶಿಯಾನ್‌ಗೊಂಗ್ ಎಂಬ ಹಳ್ಳಿಗೆ. ಅವರ ಅಕ್ಕ ಅಲ್ಲಿ ರೈತರ ಸಹಕಾರಿ ರೇಷ್ಮೆ ಕಾರ್ಖಾನೆ ಕಟ್ಟಲು ದುಡಿದಿದ್ದರು. ಸುಮಾರು ಎರಡು ತಿಂಗಳು ಇದ್ದು ಫೇ ಬರೆದುಕೊಂಡ ಟಿಪ್ಪಣಿಗಳು ಲಂಡನ್ನಿನಲ್ಲಿ ಹೆಸರಾಂತ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ ಕೈಕೆಳಗೆ ಪ್ರಬಂಧವಾಗಿ, 1939ರಲ್ಲಿ ಇಂಗ್ಲಿಷ್ ಪುಸ್ತಕವಾದವು.

ಎರಡು ತಿಂಗಳು ಜಾಸ್ತಿ ಏನಲ್ಲ, ಅಲ್ವಾ? ಆದರೆ ಪುಸ್ತಕದಲ್ಲಿ ಒಂದು ಸಣ್ಣ ಪ್ರಸಂಗ ಇದೆ. ಆ ಕಾರ್ಖಾನೆಯಲ್ಲಿ ದುಡಿಯುವ ಹೆಂಗಸೊಬ್ಬಳು ಗಂಡನಿಗೆ ಬೈತಾಳೆ. ಮಳೆ ಸುರಿಯುತ್ತಿದ್ದರೂ ಅವನು ಕೊಡೆ ಕಳಿಸಲು ಮರೆತಿದ್ದ. ಅಷ್ಟೇ. ಅಲ್ಲಿಯ ವಾಡಿಕೆಯಲ್ಲಿ ಗಂಡ ಹೆಂಡತಿಯ ಸೇವೆ ಮಾಡುವ ಮಾತೇ ಇರಲಿಲ್ಲ. ಮೊದಲು ಮನೆಯೊಳಗೇ ನಡೆಯುತ್ತಿದ್ದ ನೂಲು ಬಿಚ್ಚಾಣಿಕೆ ಕಾರ್ಖಾನೆಗೆ ಹೋಯಿತು, ಹೆಂಗಸಿನ ಕೈಗೆ ಕೂಲಿ ಬಂತು, ಗಂಡ ಹೆಂಡಿರ ನಡುವೆ ಏನೋ ಬದಲಾಯಿತು. ನಾನು ಶಿಡ್ಲಘಟ್ಟದ ಕಡೆಯವನು, ಗೂಡು ಬೇಯುವ ವಾಸನೆಯಲ್ಲೇ ಬೆಳೆದವನು. ಇಂಥ ಜಗಳ ಸುಮಾರು ಕೇಳಿದ್ದೀನಿ. ಬರೆದಿಡಬೇಕು ಅಂತ ಒಮ್ಮೆಯೂ ಅನ್ನಿಸಿರಲಿಲ್ಲ.

ಹಾಗಂತ ಫೇ ಆ ಹಳ್ಳಿಯ ಮಗ ಏನಲ್ಲ. ಹತ್ತಿರದ ಪೇಟೆಯ ಓದಿದ ಮನೆತನದವರು, ಹುಳು ಸಾಕಿದವರಲ್ಲ. ಲಂಡನ್ನಿಗೆ ಅವರು ‘ಊರಿನವರು’, ಆ ಹೆಂಗಸಿಗೆ ‘ಮೇಡಂ ತಮ್ಮ’. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಬಳಿಯ ಹಳ್ಳಿಗೆ ಹೋದಾಗಲೂ ಹೆಚ್ಚುಕಡಿಮೆ ಇದೇ ಕತೆ.

ಈ ಗೊಂದಲಕ್ಕೆ ಫೇ ಅವರ ಬರಹದಲ್ಲೇ ಒಂದು ಕೀಲಿ ಇದೆ. ಪಶ್ಚಿಮದ ಸಮಾಜ ಕಟ್ಟಿಟ್ಟ ಹುಲ್ಲಿನ ಹೊರೆಗಳಂತೆ, ಯಾವ ಎಳೆ ಯಾವ ಹೊರೆಯದು ಅಂತ ಗೊತ್ತು ಅಂತಾರೆ ಅವರು. ಚೀನಾದ್ದು ನೀರಿಗೆ ಕಲ್ಲು ಹಾಕಿದಾಗ ಏಳುವ ಅಲೆಗಳಂತೆ. ಪ್ರತಿಯೊಬ್ಬನೂ ತನ್ನ ಅಲೆಗಳ ನಡುವೆ ನಿಂತಿರುತ್ತಾನೆ. ‘ನಮ್ಮವರು’ ಅಂದರೆ ಒಮ್ಮೆ ಹೆಂಡತಿ ಮಕ್ಕಳು, ಇನ್ನೊಮ್ಮೆ ಇಡೀ ಊರು. ಕನ್ನಡದ ‘ನಮ್ಮೋರು’ ಕೂಡ ಹಾಗೇ ತಾನೆ? ಮದುವೆ ಮನೆಯಲ್ಲಿ ಒಂದು ಅಳತೆ, ಚುನಾವಣೆಯಲ್ಲಿ ಇನ್ನೊಂದು. ಹೊರೆ-ಅಲೆ ಹೋಲಿಕೆಯಲ್ಲಿ ಪಶ್ಚಿಮದ ಚಿತ್ರ ತೀರಾ ಸರಳವಾಯಿತು ಅಂತ ನನಗನ್ನಿಸುತ್ತದೆ. ಅವರ ಊರಿನ ಚಿತ್ರ ಮಾತ್ರ ಸರಿಯಾಗಿಯೇ ಇದೆ.

ಮುಂದಿನ ಕತೆ ಚುಟುಕಾಗಿ: 1952ರಲ್ಲಿ ಚೀನಾದಲ್ಲಿ ಸಮಾಜಶಾಸ್ತ್ರ ವಿಷಯವನ್ನೇ ತೆಗೆದುಹಾಕಿದರು. 1957ರಲ್ಲಿ ಫೇ ಮತ್ತೆ ಆ ಹಳ್ಳಿಗೆ ಹೋಗಿ, ಬೇಸಾಯ ಒಂದೇ ಸಾಲದು, ಉಪಕಸುಬುಗಳು ಮರಳಬೇಕು ಅಂದರು. ಅದೇ ವರ್ಷ ‘ಬಲಪಂಥೀಯ’, ಅಂದರೆ ಕಮ್ಯುನಿಸ್ಟ್ ಪಕ್ಷದ ವಿರೋಧಿ, ಅನ್ನೋ ಹಣೆಪಟ್ಟಿ ಬಿತ್ತು. ಮೂರನೇ ಸಲ ಹೋಗಲು 1981 ಬರಬೇಕಾಯಿತು.

1939ರ ಆ ಪುಸ್ತಕ ಚೀನೀ ಭಾಷೆಯಲ್ಲಿ ಬಂದದ್ದು 1986ರಲ್ಲಿ. ಕೊಡೆಗಾಗಿ ಬೈದ ಹೆಂಗಸು ಅಷ್ಟರಲ್ಲಿ ಬದುಕಿದ್ದರೆ, ಅಜ್ಜಿಯಾಗಿರುತ್ತಿದ್ದಳು.