ಡೆವ್ ವಿಎಂ ಅಪ್‌ಡೇಟ್ ಅರ್ಧಕ್ಕೆ ನಿಂತಿದೆಯಾ? ಅಳಿಸುವ ಮುಂಚೆ ಇದನ್ನು ಓದಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಮೈಕ್ರೋಸಾಫ್ಟ್‌ನ ವ್ಯವಹಾರ ಸಾಫ್ಟ್‌ವೇರ್ ಆದ ಡೈನಮಿಕ್ಸ್ 365 ಫೈನಾನ್ಸ್ ಅಂಡ್ ಆಪರೇಷನ್ಸ್‌ನಲ್ಲಿ ನಿಮ್ಮ ಸ್ಯಾಂಡ್‌ಬಾಕ್ಸ್ (ಪರೀಕ್ಷೆಗೆ ಇಟ್ಟ ಸಿಸ್ಟಂ) ತಾನಾಗಿಯೇ ಹೊಸ ವರ್ಷನ್‌ಗೆ ಹೋಗಿದೆ. ಕೋಡ್ ಬರೆಯುವ ಡೆವ್ ವಿಎಂ (ಕ್ಲೌಡ್‌ನಲ್ಲಿರುವ ವರ್ಚುವಲ್ ಮಷಿನ್) ಮಾತ್ರ ಹಳೆಯದರಲ್ಲೇ ಉಳಿದಿದೆ. ಎಲ್‌ಸಿಎಸ್‌ನಿಂದ (ಲೈಫ್‌ಸೈಕಲ್ ಸರ್ವಿಸಸ್, ಇವನ್ನೆಲ್ಲ ನೋಡಿಕೊಳ್ಳುವ ಮೈಕ್ರೋಸಾಫ್ಟ್‌ನ ವೆಬ್ ಪೋರ್ಟಲ್) ಅಪ್‌ಡೇಟ್ ಹಾಕಿದಿರಿ, ನಡುವೆ ಒಂದು ಸ್ಟೆಪ್ ಫೇಲ್ ಆಯಿತು. ಈಗ ವಿಎಂ ಅಳಿಸಿ ಹೊಸದು ಮಾಡಲಾ ಅಂತ ಕೇಳಿದ್ದೀರಿ.

ಇವತ್ತೇ ಅಳಿಸಬೇಡಿ. ಹೊಸ ವಿಎಂ ಯಾವಾಗ ಬೇಕಾದರೂ ಸಿಗುತ್ತದೆ. ಅದರೊಳಗಿರುವ ನಿಮ್ಮ ಕೋಡ್ ಮತ್ತು ಟೆಸ್ಟ್ ಡೇಟಾ ಹಾಗೆ ಸಿಗುವುದಿಲ್ಲ. ನಾನು ಒಮ್ಮೆ ಅವಸರಪಟ್ಟು ಅಳಿಸಿಬಿಟ್ಟೆ. ಚೆಕ್‌ಇನ್ ಮಾಡದೆ, ಅಂದರೆ ತಂಡದ ಕೋಡ್ ಸಂಗ್ರಹಕ್ಕೆ ಸೇರಿಸದೆ, ಇಟ್ಟಿದ್ದ ಎರಡು ದಿನದ ಕೆಲಸ ಅದರ ಜೊತೆಗೇ ಹೋಯಿತು. ನಿಮಗೆ ಹಾಗಾಗುವುದು ಬೇಡ.

ಹಾಗಾಗಿ ಮೊದಲು ವಿಎಂಗೆ ಲಾಗಿನ್ ಆಗಿ, ವಿಷುಯಲ್ ಸ್ಟುಡಿಯೋ ತೆರೆದು ಪೆಂಡಿಂಗ್ ಚೇಂಜಸ್ ನೋಡಿ. ಮುಗಿದಿರುವುದನ್ನು ಚೆಕ್‌ಇನ್ ಮಾಡಿ, ಅರ್ಧ ಆಗಿರುವುದನ್ನು ಶೆಲ್ವ್ ಮಾಡಿ (ಮುಖ್ಯ ಕೋಡ್‌ಗೆ ಸೇರಿಸದೆ ಸರ್ವರ್‌ನಲ್ಲಿ ಎತ್ತಿಡುವುದು). ಗಿಟ್ ಬಳಸುವವರು ಬೇರೆ ಬ್ರಾಂಚ್‌ಗೆ ಪುಶ್ ಮಾಡಿದರೆ ಆಯಿತು. ಆಮೇಲೆ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಎಎಕ್ಸ್‌ಡಿಬಿ ಅನ್ನುವ ಈ ಸಾಫ್ಟ್‌ವೇರ್‌ನ ಮುಖ್ಯ ಡೇಟಾಬೇಸ್‌ನ ಬ್ಯಾಕಪ್ ತೆಗೆಯಿರಿ. ಅಪ್‌ಡೇಟ್‌ಗೂ ಮುಂಚೆ ತೆಗೆದ ಬ್ಯಾಕಪ್ ಇದ್ದರೆ ಇನ್ನೂ ಒಳ್ಳೆಯದು, ಅದನ್ನು ಮುಟ್ಟದೆ ಬೇರೆ ಜಾಗದಲ್ಲಿ ಇಡಿ. ಎಲ್‌ಸಿಎಸ್‌ನಲ್ಲಿ ರೋಲ್‌ಬ್ಯಾಕ್ ಬಟನ್ ಇದೆಯಲ್ಲ ಅನ್ನಬಹುದು. ಡೇಟಾಬೇಸ್ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ, ನಿಮ್ಮ ಕೈಯಲ್ಲಿರುವ ಬ್ಯಾಕಪ್ ಒಂದೇ ಗ್ಯಾರಂಟಿ.

ಇಷ್ಟಾದ ಮೇಲೆ ಎಲ್‌ಸಿಎಸ್‌ಗೆ ಹೋಗಿ ಲಾಗ್ ಡೌನ್‌ಲೋಡ್ ಮಾಡಿ. ಬಹಳ ಜನ ಲಾಗ್ ನೋಡದೆ ಸುಮ್ನೆ ರೆಸ್ಯೂಮ್ (ನಿಂತಲ್ಲಿಂದ ಮುಂದುವರಿಸು) ಒತ್ತುತ್ತಾರೆ. ಕಾರಣ ಸರಿಯಾಗದೆ ಹತ್ತು ಸಲ ಒತ್ತಿದರೂ ಅದೇ ಸ್ಟೆಪ್‌ನಲ್ಲಿ ನಿಲ್ಲುತ್ತದೆ. ಅಪ್‌ಡೇಟ್ ಅಂದರೆ ಒಂದು ರನ್‌ಬುಕ್. ಸರ್ವಿಸ್ ನಿಲ್ಲಿಸು, ಫೈಲ್ ಬದಲಿಸು, ಡೇಟಾಬೇಸ್ ಸಿಂಕ್ ಮಾಡು (ಕೋಡ್‌ನಲ್ಲಿರುವ ಟೇಬಲ್ ರಚನೆಗೆ ಡೇಟಾಬೇಸನ್ನು ಹೊಂದಿಸು), ಮತ್ತೆ ಸರ್ವಿಸ್ ಶುರು ಮಾಡು ಅಂತ ಸಾಲಾಗಿ ಸ್ಟೆಪ್‌ಗಳಿರುತ್ತವೆ. ಯಾವ ಸ್ಟೆಪ್‌ನಲ್ಲಿ ನಿಂತಿದೆ ಅನ್ನುವುದರಲ್ಲೇ ಅರ್ಧ ಉತ್ತರ ಇರುತ್ತದೆ.

ಫೈಲ್ ಬದಲಿಸುವ ಹೊತ್ತಿಗೆ ನಿಂತಿದ್ದರೆ ಯಾವುದೋ ಪ್ರೋಗ್ರಾಂ ಆ ಫೈಲನ್ನು ಹಿಡಿದುಕೊಂಡಿದೆ ಅಂತ. ಹೆಚ್ಚಿನ ಸಲ ಅದು ವಿಷುಯಲ್ ಸ್ಟುಡಿಯೋನೇ. ನೀವು ಮುಚ್ಚಿದ್ದರೂ ಅದೇ ವಿಎಂನಲ್ಲಿ ಇನ್ನೊಬ್ಬರ ಸೆಷನ್ ಡಿಸ್ಕನೆಕ್ಟ್ ಆಗಿ ಹಾಗೇ ಉಳಿದಿರಬಹುದು. ಟಾಸ್ಕ್ ಮ್ಯಾನೇಜರ್‌ನಲ್ಲಿ ಯೂಸರ್ಸ್ ಟ್ಯಾಬ್ ನೋಡಿ. ಡಿಸ್ಕ್‌ನಲ್ಲಿ ಜಾಗ ಇಲ್ಲದಿದ್ದರೂ ಇಲ್ಲೇ ನಿಲ್ಲುತ್ತದೆ. ಪ್ಯಾಕೇಜ್ ಹಲವು ಜಿಬಿ ಇರುತ್ತದೆ, ಬಿಚ್ಚಿದಾಗ ಇನ್ನೂ ದೊಡ್ಡದಾಗುತ್ತದೆ, ಹಳೆಯ ಫೈಲ್‌ಗಳ ಕಾಪಿ ಬೇರೆ ಸೇರುತ್ತದೆ.

ಡೇಟಾಬೇಸ್ ಸಿಂಕ್‌ನಲ್ಲಿ ನಿಂತಿದ್ದರೆ ಸ್ವಲ್ಪ ತಾಳ್ಮೆ ಬೇಕು. ನಾನು ಜಾಸ್ತಿ ಕಂಡಿರುವ ಕಾರಣ ಇದು. ನೀವು ಒಂದು ಟೇಬಲ್‌ಗೆ ಯೂನಿಕ್ ಇಂಡೆಕ್ಸ್, ಅಂದರೆ ಒಂದೇ ಕೀ ಎರಡು ಸಲ ಬರಬಾರದು ಅನ್ನುವ ಇಂಡೆಕ್ಸ್, ಸೇರಿಸಿರುತ್ತೀರಿ. ಟೆಸ್ಟ್ ಡೇಟಾದಲ್ಲಿ ಒಂದೇ ಕೀ ಎರಡು ರೋನಲ್ಲಿ ಕೂತಿರುತ್ತದೆ. ಎಸ್‌ಕ್ಯೂಎಲ್ ಸರ್ವರ್ ಆ ಇಂಡೆಕ್ಸ್ ಕಟ್ಟಲಾಗದೆ ಕೈಚೆಲ್ಲುತ್ತದೆ. ಲಾಗ್ ಫೈಲನ್ನು ಕೆಳಗಿನಿಂದ ಮೇಲಕ್ಕೆ ಓದಿ. ಡೂಪ್ಲಿಕೇಟ್ ಕೀ ಅಂತ ಇರುವ ಸಾಲು ಸಿಕ್ಕರೆ ಅಲ್ಲೇ ಟೇಬಲ್ ಹೆಸರು, ಇಂಡೆಕ್ಸ್ ಹೆಸರು, ಬ್ರಾಕೆಟ್ ಒಳಗೆ ಎರಡು ಸಲ ಬಂದಿರುವ ವ್ಯಾಲ್ಯೂ ಮೂರೂ ಇರುತ್ತವೆ. ಇಂಡೆಕ್ಸ್‌ನಲ್ಲಿ ಕಂಪನಿ ಕೋಡ್ ಸೇರಿದ್ದರೆ ಅದೂ ಕಾಣುತ್ತದೆ. ಡೆಮೊ ಡೇಟಾ ಆದರೆ ಆ ಕೋಡ್ ಯುಎಸ್‌ಎಂಎಫ್ ಅಂತ ಇದ್ದೀತು. ಆ ರೋ ಹುಡುಕಿ, ಬೇಡವಾದದ್ದನ್ನು ತೆಗೆದು, ಆಮೇಲೆ ರೆಸ್ಯೂಮ್ ಒತ್ತಿ.

ಎಲ್‌ಸಿಎಸ್‌ನಿಂದ ಮುಂದೆ ಹೋಗದಿದ್ದರೆ ವಿಎಂ ಒಳಗಿಂದಲೇ ಹಾಕಬಹುದು. ಪ್ಯಾಕೇಜ್ ಜಿಪ್ ಡೌನ್‌ಲೋಡ್ ಮಾಡಿ, ಬಿಚ್ಚುವ ಮುಂಚೆ ಪ್ರಾಪರ್ಟೀಸ್‌ಗೆ ಹೋಗಿ ಅನ್‌ಬ್ಲಾಕ್ ಟಿಕ್ ಮಾಡಿ. ಇದನ್ನು ಮರೆತರೆ ಒಳಗಿನ ಡಿಎಲ್‌ಎಲ್‌ಗಳನ್ನು ವಿಂಡೋಸ್ ತಡೆಯುತ್ತದೆ, ಬರುವ ಎರರ್ ನೋಡಿದರೆ ಕಾರಣ ಹೊಳೆಯುವುದೂ ಇಲ್ಲ. ಫೋಲ್ಡರ್ ಹೆಸರು ಚಿಕ್ಕದಿರಲಿ, ಡ್ರೈವ್‌ನ ಬುಡದಲ್ಲೇ ಬಿಚ್ಚಿ. ಡೆಸ್ಕ್‌ಟಾಪ್ ಮೇಲೆ ಬಿಚ್ಚಿದರೆ ಪಾತ್ ಉದ್ದವಾಗಿ ಕೆಲವು ಫೈಲ್ ಬಿಟ್ಟುಹೋಗುತ್ತವೆ. ನಂತರ ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪ್ಯಾಕೇಜ್ ಜೊತೆಗೇ ಬರುವ ಅಪ್‌ಡೇಟ್ ಇನ್‌ಸ್ಟಾಲರ್‌ನಲ್ಲಿ ಲಿಸ್ಟ್ ಕಮಾಂಡ್ ಕೊಟ್ಟರೆ ಮಷಿನ್‌ನಲ್ಲಿ ಏನೇನಿದೆ ಅಂತ ತೋರಿಸುತ್ತದೆ. ಆ ಸರ್ವಿಸ್‌ಗಳ ಹೆಸರು ಮತ್ತು ಮಷಿನ್ ಹೆಸರನ್ನು ಟೋಪಾಲಜಿ ಎಕ್ಸ್‌ಎಂಎಲ್ ಫೈಲ್‌ನಲ್ಲಿ (ಯಾವ ಮಷಿನ್‌ನಲ್ಲಿ ಏನಿದೆ ಅಂತ ಹೇಳುವ ಫೈಲ್) ತುಂಬಿ, ರನ್‌ಬುಕ್‌ಗೆ ಜನರೇಟ್, ಇಂಪೋರ್ಟ್, ಎಕ್ಸಿಕ್ಯೂಟ್ ಇದೇ ಕ್ರಮದಲ್ಲಿ ಮಾಡಿ. ನಡುವೆ ನಿಂತರೆ ರೀರನ್‌ಸ್ಟೆಪ್ ಅಂತ ಆ ಸ್ಟೆಪ್ ನಂಬರ್ ಕೊಟ್ಟು ಮುಂದುವರಿಸಿ. ಸ್ಟೆಪ್ ಮುಗಿದಿದೆ ಅಂತ ಗುರುತು ಹಾಕುವ ಆಯ್ಕೆಯೂ ಇದೆ. ಆ ಕೆಲಸವನ್ನು ನೀವು ಕೈಯಾರೆ ಮುಗಿಸಿದ್ದರೆ ಮಾತ್ರ ಅದನ್ನು ಬಳಸಿ.

ಅಪ್‌ಡೇಟ್ ಹಸಿರಾದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನಿಮ್ಮ ಮಾಡೆಲ್‌ಗಳಿಗೆಲ್ಲ (ನಿಮ್ಮ ಕೋಡ್ ಇರುವ ಕಟ್ಟುಗಳು) ಫುಲ್ ಬಿಲ್ಡ್ ಮಾಡಿ, ಜೊತೆಗೆ ಡೇಟಾಬೇಸ್ ಸಿಂಕ್ ಕೂಡ. ಹೊರಗಿನವರ ಮಾಡೆಲ್ ಬೈನರಿ ರೂಪದಲ್ಲಿದ್ದರೆ (ಮೂಲ ಕೋಡ್ ಇಲ್ಲದೆ ಕಂಪೈಲ್ ಆದದ್ದು ಮಾತ್ರ) ಹೊಸ ವರ್ಷನ್‌ಗೆ ಹೊಂದುವ ಬಿಡುಗಡೆಯನ್ನು ಮೊದಲೇ ಕೇಳಿ ತರಿಸಿಕೊಳ್ಳಿ. ಕಂಪೈಲ್ ಎರರ್ ಬಂದರೆ ಮೊದಲು ಹೆಸರುಗಳನ್ನು ನೋಡಿ. ಮೈಕ್ರೋಸಾಫ್ಟ್‌ನ ಸ್ಟಾಂಡರ್ಡ್ ಟೇಬಲ್‌ಗೆ ನೀವು ಮಾಡಿದ ಎಕ್ಸ್‌ಟೆನ್ಷನ್‌ನಲ್ಲಿ ಪ್ರಿಫಿಕ್ಸ್ (ಹೆಸರಿನ ಮುಂದೆ ನಿಮ್ಮ ಗುರುತಿನ ಅಕ್ಷರ) ಇಲ್ಲದೆ ಫೀಲ್ಡ್ ಸೇರಿಸಿದ್ದು, ಹೊಸ ವರ್ಷನ್‌ನಲ್ಲಿ ಅದೇ ಹೆಸರಿನ ಫೀಲ್ಡ್ ಬಂದಿದ್ದರೆ ಎರಡೂ ಢಿಕ್ಕಿ ಹೊಡೆಯುತ್ತವೆ. ಪ್ರತಿ ಫೀಲ್ಡ್‌ಗೂ ಮೂರು ನಾಲ್ಕು ಅಕ್ಷರದ ಪ್ರಿಫಿಕ್ಸ್ ಹಾಕಿ ಅಂತ ಹಿರಿಯರು ಹೇಳುವುದು ಇದಕ್ಕೇ.

ಇನ್ನೊಂದು ಮುಖ್ಯ ವಿಷಯ, ನೀವು ಕೇಳಿಲ್ಲ ಆದರೂ ಹೇಳುತ್ತೇನೆ. ನಿಮ್ಮ ಪ್ರೊಡಕ್ಷನ್ (ನಿಜವಾದ ಕೆಲಸ ನಡೆಯುವ ಸಿಸ್ಟಂ) ಈಗ ಯಾವ ವರ್ಷನ್‌ನಲ್ಲಿದೆ? ಆಟೋ ಅಪ್‌ಡೇಟ್ ಸ್ಯಾಂಡ್‌ಬಾಕ್ಸ್‌ಗೆ ಬಂದ 7 ದಿನಕ್ಕೆ ಪ್ರೊಡಕ್ಷನ್‌ಗೆ ಬರುತ್ತದೆ. ಆ ವಾರದಲ್ಲಿ ಪ್ರೊಡಕ್ಷನ್‌ನಲ್ಲಿ ಅರ್ಜೆಂಟ್ ಬಗ್ ಬಂದರೆ ಹೊಸ ವರ್ಷನ್‌ನಲ್ಲಿ ಬಿಲ್ಡ್ ಮಾಡಿದ ಪ್ಯಾಕೇಜನ್ನು ಹಳೆಯದರ ಮೇಲೆ ಹಾಕಬಾರದು. ಅಲ್ಲಿ ಇಲ್ಲದ ಮೆಥಡ್‌ಗಾಗಿ ಅದು ಹುಡುಕುತ್ತದೆ. ಹಳೆಯದರಲ್ಲಿ ಬಿಲ್ಡ್ ಮಾಡಿ ಹೊಸದರ ಮೇಲೆ ಹಾಕುವುದು ಸಾಮಾನ್ಯವಾಗಿ ನಡೆಯುತ್ತದೆ, ಅದರ ಉಲ್ಟಾ ಅಲ್ಲ. ತಂಡದಲ್ಲಿ ಎರಡು ವಿಎಂ ಇದ್ದರೆ ಒಂದನ್ನು ಪ್ರೊಡಕ್ಷನ್ ವರ್ಷನ್‌ನಲ್ಲೇ ಬಿಡಿ. ವಿಎಂ ಬದಲು ಅಜೂರ್ ಡೆವ್‌ಆಪ್ಸ್ ಪೈಪ್‌ಲೈನ್‌ನಲ್ಲಿ ತಾನಾಗಿ ಬಿಲ್ಡ್ ಆಗುವ ಹಾಗೆ ಇಟ್ಟುಕೊಂಡವರಿಗೆ ವರ್ಷನ್ ತೀರ್ಮಾನ ಆಗುವುದು ನ್ಯೂಗೆಟ್ ಪ್ಯಾಕೇಜ್‌ನಿಂದ (ಬಿಲ್ಡ್‌ಗೆ ಬೇಕಾದ ಮೈಕ್ರೋಸಾಫ್ಟ್ ಫೈಲ್‌ಗಳ ಕಟ್ಟು). ವಿಎಂ ಮೇಲೇರಿಸಿದ ದಿನವೇ ಅದನ್ನೂ ಬದಲಿಸಬೇಡಿ, ಪ್ರೊಡಕ್ಷನ್ ಏರಿದ ಮೇಲೆ ಬದಲಿಸಿ.

ಮುಂದಿನ ಸಲಕ್ಕೆ ಕ್ಯಾಲೆಂಡರ್‌ನಲ್ಲಿ ಬರೆದಿಡಿ. 2024ರಿಂದ ವರ್ಷಕ್ಕೆ ನಾಲ್ಕು ಸರ್ವಿಸ್ ಅಪ್‌ಡೇಟ್ ಬರುತ್ತಿವೆ, ಅದರಲ್ಲಿ ಕನಿಷ್ಠ ಎರಡನ್ನು ಹಾಕಲೇಬೇಕು. ಡೆವ್ ವಿಎಂಗೆ ಮಾತ್ರ ಯಾರೂ ತಾನಾಗಿ ಹಾಕಿಕೊಡುವುದಿಲ್ಲ, ಅದು ನಮ್ಮದೇ ಕೆಲಸ. ನಾಲ್ಕೈದು ವರ್ಷನ್ ಹಿಂದೆ ಬಿದ್ದಿರುವ ವಿಎಂ ಆದರೆ ಹೊಸದು ಮಾಡುವುದೇ ಬೇಗ ಆಗುತ್ತದೆ, ಆಗ ನಾನೂ ಅದನ್ನೇ ಮಾಡುತ್ತೇನೆ, ಕೋಡ್ ಮತ್ತು ಬ್ಯಾಕಪ್ ಹೊರಗೆ ಬಂದ ಮೇಲೆ. ನಿಮ್ಮದು ಒಂದೇ ವರ್ಷನ್ ಹಿಂದಿದೆ, ಅಲ್ವಾ? ಹಾಗಾದರೆ ಇದನ್ನೇ ಸರಿಮಾಡೋಣ.

ಫೇಲ್ ಆದ ಸ್ಟೆಪ್ ನಂಬರ್, ಆ ಲಾಗ್‌ನ ಕೊನೆಯ ಇಪ್ಪತ್ತು ಸಾಲು, ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದನ್ನು ಇಲ್ಲೇ ಹಾಕಿ. ಸರ್ವರ್ ಹೆಸರು, ಪಾಸ್‌ವರ್ಡ್ ಏನಾದರೂ ಇದ್ದರೆ ಅಳಿಸಿ ಹಾಕಿ. ಸಂಜೆ ಕೂತು ನೋಡುತ್ತೇನೆ.